ಸಿಮೆಂಟ್ ಅಂಗಳಕ್ಕೂ ಆರೈಕೆ ಬೇಕು

ಶಿರಸಿ ತಾಲ್ಲೂಕಿನ ವಾನಳ್ಳಿ ಕಡೆ ಅಂಗಳವೆಂದರೆ ಬರೀ ಓಡಾಡುವ ಜಾಗವಲ್ಲ, ಅಡಿಕೆ ಒಣಗಿಸುವ ಕಣ. ಚಾಲಿಗೆ ಹಾಕಿದ ಗೋಟು ನಲವತ್ತು ದಿನವಾದರೂ ಬಿಸಿಲು ಕಾಯಬೇಕು. ಮಣ್ಣಿನಂಗಳವಿದ್ದಾಗ ಮಳೆಗಾಲ ಮುಗಿಯುತ್ತಲೇ ಕೆತ್ತಿ, ಬಡಿದು, ಸಗಣಿ ಸಾರಿಸಬೇಕಿತ್ತು. ಆ ಚಂದವನ್ನು ಹಾಡಿ ಹೊಗಳುವವರು ಸಾರಿಸಿದ ಹೆಂಗಸರ ಸೊಂಟನೋವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದ್ದರಿಂದ ಕಾಂಕ್ರೀಟ್ ಬಂದದ್ದು ತಪ್ಪಲ್ಲ. ಹಾಕಿದ ಮೇಲೆ ಇನ್ನೇನೂ ಕೆಲಸವಿಲ್ಲ ಎಂದುಕೊಂಡದ್ದು ತಪ್ಪು.

ಮೊದಲ ಎಡವಟ್ಟು ಹಾಕುವ ದಿನವೇ ಆಗುತ್ತದೆ. ನೋಡಲು ಚಂದವೆಂದು ಸಿಮೆಂಟ್ ಹಾಲು ಬಳಿದು ಗಾಜಿನಂತೆ ನುಣುಪು ಮಾಡುತ್ತಾರೆ. ಜೂನ್ ಕಳೆಯುವುದರೊಳಗೆ ಅದರ ಮೇಲೆ ಪಾಚಿ, ಕಾಲಿಟ್ಟರೆ ಜಾರಿಕೆ. ಹಸಿ ಇರುವಾಗಲೇ ತೆಂಗಿನ ಕಡ್ಡಿಯ ಹಿಡಿಯಿಂದ ಗೀರೆಳೆದಿದ್ದರೆ ಕಾಲಿಗೆ ಹಿಡಿತ ಸಿಗುತ್ತಿತ್ತು. ಹತ್ತು ಅಡಿಗೆ ಒಂದೂವರೆ ಇಂಚು ಇಳಿಜಾರು ಕೊಟ್ಟರೆ ನೀರು ನಿಲ್ಲುವುದಿಲ್ಲ. ನಾಲ್ಕು ಇಂಚು ದಪ್ಪದ ಹಾಸಿಗೆ ಹತ್ತು ಅಡಿಗೊಂದು ಸಂದು ಬಿಟ್ಟರೆ ಬಿರುಕು ಸಿಕ್ಕಸಿಕ್ಕಲ್ಲಿ ಹರಿಯುವುದಿಲ್ಲ. ಕನಿಷ್ಠ ಏಳು ದಿನ ನೀರುಣಿಸದ ಕಾಂಕ್ರೀಟು ಬೇಗ ಪುಡಿ ಉದುರುತ್ತದೆ. ಹೆಂಚಿನ ಅಂಚಿನಿಂದ ನೀರು ಧುಮುಕುವ ಗೆರೆಯನ್ನೊಮ್ಮೆ ನೋಡಿ: ಸಿಮೆಂಟ್ ತೊಳೆದುಹೋಗಿ ಜಲ್ಲಿ ಹಲ್ಲು ಕಿರಿದಿರುತ್ತದೆ. ಅಲ್ಲಿಗೊಂದು ದೋಣಿ ಕಟ್ಟಿಸುವುದು ಪ್ರತಿವರ್ಷ ತೇಪೆ ಹಾಕುವುದಕ್ಕಿಂತ ಅಗ್ಗ.

ಎರಡನೆಯ ಎಡವಟ್ಟು ಪಾಚಿಗೆ ಮಾಡುವ ಮದ್ದು. ಆ್ಯಸಿಡ್ ಸುರಿದರೆ ಅಂಗಳ ಬೆಳ್ಳಗಾಗುವುದು ನಿಜ. ಆದರೆ ಅದು ಸಿಮೆಂಟನ್ನೇ ತಿನ್ನುತ್ತದೆ. ಮೈ ಒರಟಾಗಿ ಸಣ್ಣ ಸಣ್ಣ ಕುಳಿ ಬಿದ್ದಮೇಲೆ ಮರುವರ್ಷದ ಪಾಚಿ ಅದರಲ್ಲೇ ಬೇರೂರುತ್ತದೆ. ಇಂಟರ್‌ಲಾಕ್ ಹಾಸಿದವರು ಪ್ರೆಶರ್ ಪಂಪು ಹಿಡಿದರೆ ಸಂದಿನ ಮರಳು ಎದ್ದುಹೋಗಿ ಕಲ್ಲು ಅಲುಗಾಡುತ್ತದೆ, ಹುಲ್ಲು ಹುಟ್ಟುತ್ತದೆ. ತೊಳೆದ ಮೇಲೆ ಮರಳು ತುಂಬುವವರು ಕಡಿಮೆ. ಬ್ಲೀಚಿಂಗ್ ಪೌಡರ್ ಪಾಚಿ ಕೊಲ್ಲುತ್ತದೆ, ನಿಜ. ಅದರ ನೀರು ಬಾವಿಗೂ ಗಿಡದ ಬುಡಕ್ಕೂ ಹರಿಯದಂತೆ ನೋಡಿಕೊಳ್ಳಬೇಕು. ಹೊಳವಾದಾಗಲೆಲ್ಲ ಗಟ್ಟಿ ಬ್ರಷ್ಷಿನಲ್ಲಿ ತಿಕ್ಕುವುದು, ಅಂಗಳದ ಮೇಲೆ ಬಾಗಿದ ಟೊಂಗೆ ಸವರಿ ಬಿಸಿಲು ಬಿಡುವುದು ಎಲ್ಲಕ್ಕಿಂತ ಒಳ್ಳೆಯ ಉಪಾಯ. ಓಡಾಟದ ದಾರಿಗೆ ಅಡಿಕೆ ದಬ್ಬೆ ಹಾಸುವ ಹಳೆಯ ರೂಢಿ ಸಿಮೆಂಟಿನ ಮೇಲೂ ನಡೆಯುತ್ತದೆ.

ಅಡಿಕೆ ಹರಗುವಷ್ಟು ಜಾಗಕ್ಕೆ, ನಡೆಯುವ ದಾರಿಗೆ ಕಾಂಕ್ರೀಟ್ ಸಾಕು. ಬೇಲಿಯವರೆಗೂ ಮುಚ್ಚಿದರೆ ಮಳೆನೀರು ಇಂಗಲು ಜಾಗವೇ ಉಳಿಯುವುದಿಲ್ಲ. ಉಳಿದದ್ದನ್ನು ಮಣ್ಣಿಗೇ ಬಿಡಿ.