ಮಾಡಿನ ಇಳಿಜಾರು: ಪಾಠದ ವಾಕ್ಯ, ಹಿತ್ತಲಿನ ಕೊಟ್ಟಿಗೆ

ಮಳೆ ಹೆಚ್ಚು ಬೀಳುವಲ್ಲಿ ಮನೆಯ ಚಾವಣಿ ಇಳಿಜಾರು, ಕಡಿಮೆ ಬೀಳುವಲ್ಲಿ ಸಮತಟ್ಟು - ಇದನ್ನು ನಾವೆಲ್ಲ ಶಾಲೆಯಲ್ಲಿ ಕಲಿತಿದ್ದೇವೆ, ಕಲಿಸಿಯೂ ಇದ್ದೇವೆ. ವಿಜ್ಞಾನ ವಸ್ತುಪ್ರದರ್ಶನಗಳ ಮಾದರಿ ಮನೆಗಳಲ್ಲಿ ಮಾಡು ಸಾಮಾನ್ಯವಾಗಿ 45 ಡಿಗ್ರಿಗೆ ನಿಂತಿರುತ್ತದೆ. ಏಕೆ 45 ಎಂದು ಕೇಳಿದರೆ 'ಮಳೆ ಜಾಸ್ತಿ ಸಾರ್' ಎಂಬ ಉತ್ತರ ಸಿದ್ಧ. ರಟ್ಟನ್ನು ಮಡಿಸಲು ಸುಲಭವಾದ ಕೋನ ಅದು ಎಂಬುದೇ ನಿಜವಾದ ಕಾರಣವೆಂದು ನನ್ನ ಗುಮಾನಿ!

ಪಾಠದ ವಾಕ್ಯ ಪೂರ್ತಿ ತಪ್ಪಲ್ಲ. ಆದರೆ ಕಾರಣವನ್ನು ತಪ್ಪು ಜಾಗದಲ್ಲಿ ಹುಡುಕುತ್ತದೆ. ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ಮಂಗಳೂರಿನಲ್ಲಿ ಇಂದು ಸಮತಟ್ಟಾದ ಕಾಂಕ್ರೀಟು ತಾರಸಿಗಳು ಎಷ್ಟು ಬೇಕಾದರೂ ಇವೆ. ಅವುಗಳಿಗೆ ನೂರಕ್ಕೆ ಒಂದರಷ್ಟು ವಾಟ ಕೊಟ್ಟರೆ ನೀರು ಹರಿದು ಹೋಗುತ್ತದೆ. ಮಳೆಯ ಪ್ರಮಾಣವೇ ಇಳಿಜಾರನ್ನು ನಿರ್ಧರಿಸುವುದಾದರೆ ಇದು ಸಾಧ್ಯವಾಗಬಾರದಿತ್ತು. ಒಂದು ಮಿ.ಮೀ. ಮಳೆ ಬಿದ್ದರೆ ಮಾಡಿನ ಕೆಳಗಿನ ನೆಲದ ಪ್ರತಿ ಚದರ ಮೀಟರಿಗೆ ಒಂದು ಲೀಟರು ನೀರು. ನೇರವಾಗಿ ಬೀಳುವ ಮಳೆಗೆ ಮಾಡು ಚಪ್ಪಟೆಯೋ ಕಡಿದೋ ಎಂಬುದರಿಂದ ಈ ಲೆಕ್ಕ ಬದಲಾಗದು.

ಹಾಗಾದರೆ ಇಳಿಜಾರನ್ನು ಕೇಳುವುದು ಯಾವುದು? ಮಾಡಿಗೆ ಹೊದಿಸಿದ ವಸ್ತುವಿನ ಸಂದುಗಳು. ತಾರಸಿಯಲ್ಲಿ ಸಂದುಗಳಿಲ್ಲ (ಬಿರುಕು ಬಿಡುವ ತನಕ). ಹಂಚು, ತಗಡು, ಸೋಗೆ, ಹುಲ್ಲು - ಇವೆಲ್ಲ ಒಂದರ ಮೇಲೊಂದು ಹೊಂದಿ ಕೂರುವ ತುಂಡುಗಳು. ನೀರು ಒಳಬರಬೇಕಾದರೆ ಮೇಲಿನ ತುಂಡಿನ ಅಡಿಯಲ್ಲಿ, ಹೊಂದಿಕೆಯ ಉದ್ದಕ್ಕೂ ಏರು ಹತ್ತಬೇಕು. ಹತ್ತಿಸುವುದು ಗಾಳಿ, ಲೋಮನಾಳ ಕ್ರಿಯೆಯೂ ಕೈಜೋಡಿಸುತ್ತದೆ. ಎಷ್ಟು ಎತ್ತರ ಹತ್ತಬೇಕೆಂಬುದು ಹೊಂದಿಕೆಯ ಉದ್ದವನ್ನು ಕೋನದ ಸೈನ್‌ನಿಂದ ಗುಣಿಸಿದಷ್ಟು.

ಇಲ್ಲಿ ಒಂಬತ್ತನೆಯ ತರಗತಿಯ ಹುಡುಗನೂ ಮಾಡಬಹುದಾದ ಲೆಕ್ಕವಿದೆ. ತಗಡಿನ ಹೊಂದಿಕೆ 15 ಸೆಂ.ಮೀ. ಇರಲಿ. 5 ಡಿಗ್ರಿ ಇಳಿಜಾರಿನಲ್ಲಿ ನೀರು ಹತ್ತಬೇಕಾದ ಎತ್ತರ ಬರೇ 1.3 ಸೆಂ.ಮೀ. ಗಾಳಿಯ ಒತ್ತಡ ಪ್ಯಾಸ್ಕಲ್‌ಗಳಲ್ಲಿ ಸುಮಾರು 0.6 ಗುಣಿಸು ವೇಗದ ವರ್ಗ. ಸೆಕೆಂಡಿಗೆ 15 ಮೀಟರು, ಎಂದರೆ ಗಂಟೆಗೆ 54 ಕಿ.ಮೀ. ಗಾಳಿಯ ಒತ್ತಡ 135 ಪ್ಯಾಸ್ಕಲ್. ಇದು ನೀರನ್ನು ಸುಮಾರು 1.4 ಸೆಂ.ಮೀ. ಎತ್ತಬಲ್ಲದು. ಅಲ್ಲಿಗೆ ಕೊಟ್ಟಿಗೆ ಸೋರಿತು! ಅದೇ ತಗಡನ್ನು 15 ಡಿಗ್ರಿಗೆ ಏರಿಸಿದರೆ ನೀರು 3.9 ಸೆಂ.ಮೀ. ಹತ್ತಬೇಕು, ಅದಕ್ಕೆ ಗಂಟೆಗೆ 90 ಕಿ.ಮೀ. ದಾಟಿದ ಗಾಳಿ ಬೇಕು. ಗಾಳಿಯ ಒತ್ತಡವೆಲ್ಲ ಸಂದಿಗೇ ಸಿಗುವುದಿಲ್ಲವಾದ್ದರಿಂದ ಇದು ಒರಟು ಲೆಕ್ಕ. ಆದರೂ ದಿಕ್ಕು ಸರಿಯಾಗಿದೆ.

ಮಂಗಳೂರು ಹಂಚಿನ ಹೊಂದಿಕೆ ತಗಡಿನ ಅರ್ಧದಷ್ಟೂ ಇಲ್ಲ. ಸಾಲದ್ದಕ್ಕೆ ಪ್ರತಿ ಹಂಚಿನ ಬುಡ ಕೆಳಗಿನ ಹಂಚಿನ ಮೇಲೆ ಕೂರುವುದರಿಂದ ಹಂಚಿನ ಇಳಿಜಾರು ಪಕಾಸಿನ ಇಳಿಜಾರಿಗಿಂತ ಕೆಲವು ಡಿಗ್ರಿ ಕಡಿಮೆ. ಬಡಗಿಗಳು ಹಂಚಿನ ಮಾಡಿಗೆ 30 ಡಿಗ್ರಿಯ ಆಸುಪಾಸು ಹಿಡಿಯುವುದರ ಗುಟ್ಟು ಇದೇ. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದಾಗ ಒಂದಕ್ಕೊಂದು ಕಚ್ಚಿಕೊಳ್ಳುವ ಗಾಡಿಗಳಿರುವ ಹಂಚು ಬಂತು. ಸೋಗೆ, ಹುಲ್ಲುಗಳಲ್ಲಿ ನೀರು ಎಳೆಯಿಂದ ಎಳೆಗೆ ಇಳಿಯುತ್ತ ಹೊರಹೋಗಬೇಕು, ನಿಂತರೆ ಕೊಳೆತಿತು. ಅಲ್ಲಿ ಮಾತ್ರ ಆ ರಟ್ಟಿನ 45 ಡಿಗ್ರಿ ನ್ಯಾಯವಾದದ್ದು.

ಪಾಠ ಹೇಳದೇ ಬಿಡುವ ಇನ್ನೊಂದು ಸಂಗತಿ ಹೆಚ್ಚು ಗಂಭೀರವಾದುದು. ನಮ್ಮಲ್ಲಿ ಹಿತ್ತಲಿನ ಮಾಡುಗಳು ಹಾಳಾಗುವುದು ಮಳೆಯ ಭಾರದಿಂದಲ್ಲ, ಮೇ ತಿಂಗಳ ಗಾಳಿಯಿಂದ. ಕೆಲವು ವರ್ಷಗಳ ಹಿಂದೆ ನಮ್ಮ ಸೌದೆ ಕೊಟ್ಟಿಗೆಯ ತಗಡೊಂದು ಹಾರಿ ಪಕ್ಕದ ಮನೆಯ ಬಾವಿಕಟ್ಟೆಗೆ ಬಡಿಯಿತು. ನೀರು ಸೇದುತ್ತಿದ್ದ ಹೆಂಗಸು ಆಗಷ್ಟೇ ಒಳಗೆ ಹೋಗಿದ್ದರು. ಅದಕ್ಕೆ ಇಳಿಜಾರನ್ನು ಇಟ್ಟವನು ನಾನೇ - ಸುಮಾರು 10 ಡಿಗ್ರಿ. ತಗಡು ಉಳಿಸುವ ಆಸೆ.

ಗಾಳಿಯ ಹೊರೆಯನ್ನು ಕುರಿತ ಭಾರತೀಯ ಮಾನಕ ಐಎಸ್ 875ರ 3ನೆಯ ಭಾಗವನ್ನು ಆಮೇಲೆ ನೋಡಿದೆ. ಎರಡು ಇಳಿಜಾರಿನ, ಎತ್ತರ ಕಡಿಮೆಯಿರುವ ಮುಚ್ಚಿದ ಕಟ್ಟಡದಲ್ಲಿ ಗಾಳಿಗೆ ಎದುರಾದ ಮಾಡಿನ ಒತ್ತಡ ಗುಣಾಂಕ 5 ಡಿಗ್ರಿಯಲ್ಲಿ -0.9, 10ರಲ್ಲಿ -1.2, 20ರಲ್ಲಿ -0.4, 30ರಲ್ಲಿ ಸೊನ್ನೆ, 45ರಲ್ಲಿ +0.3. ಋಣ ಚಿಹ್ನೆಯೆಂದರೆ ಮೇಲಕ್ಕೆ ಸೆಳೆತ. ಅತಿ ಹೆಚ್ಚು ಸೆಳೆತ ನಾನು ಆರಿಸಿದ ಕೋನದಲ್ಲೇ! ತಗ್ಗಾದ ಮಾಡಿನಲ್ಲಿ ಗಾಳಿ ಸೂರಿನ ಅಂಚಿನಲ್ಲಿ ಮಾಡನ್ನು ಬಿಟ್ಟು ಮೇಲೇಳುತ್ತದೆ, ಅದರಡಿ ಒತ್ತಡ ಕುಸಿಯುತ್ತದೆ. ಕಡಿದಾದ ಮಾಡಿಗಾದರೆ ಗಾಳಿ ನೇರ ಬಡಿದು ಅದನ್ನು ಕೆಳಕ್ಕೇ ಒತ್ತುತ್ತದೆ.

ಬೆಂಗಳೂರಿಗೆ ಮಾನಕ ಕೊಡುವ ಮೂಲ ವೇಗ ಸೆಕೆಂಡಿಗೆ 33 ಮೀಟರು, ಮಂಗಳೂರಿಗೆ 39. ಬೆಂಗಳೂರಿನದನ್ನೇ ಹಿಡಿದರೂ 10 ಡಿಗ್ರಿಯಲ್ಲಿ ಪ್ರತಿ ಚದರ ಮೀಟರಿಗೆ 784 ನ್ಯೂಟನ್, ಎಂದರೆ ಸುಮಾರು 80 ಕಿ.ಗ್ರಾಂ. ಭಾರದಷ್ಟು ಸೆಳೆತ. ಅರ್ಧ ಮಿ.ಮೀ. ತಗಡಿನ ತೂಕ ಚದರ ಮೀಟರಿಗೆ 5 ಕಿಲೋ ಮಾತ್ರ. ತಗಡಿನ ಮೇಲೆ ನಾಲ್ಕು ಕಲ್ಲು ಹೇರಿ ನೆಮ್ಮದಿಯಾಗಿರುವವರು ಈ ಎರಡು ಅಂಕಿಗಳನ್ನು ಹೋಲಿಸಬೇಕು. ಹಂಚು ಚದರ ಮೀಟರಿಗೆ 30 ಕಿಲೋಗೂ ಹೆಚ್ಚು ತೂಗುತ್ತದೆ, ಜೊತೆಗೆ 30 ಡಿಗ್ರಿಯಲ್ಲಿ ಇರುತ್ತದೆ. ಹಳಬರ ಮಾಡು ಹಾರದಿದ್ದುದಕ್ಕೆ ಎರಡೂ ಕಾರಣ.

ಹಾಗೆಂದು ಹಿತ್ತಲಿನ ಒಂದೇ ಇಳಿಜಾರಿನ ಚಪ್ಪರಕ್ಕೂ 30 ಡಿಗ್ರಿ ಕೊಡಿ ಎನ್ನಲಾರೆ. 3 ಮೀಟರು ಅಗಲಕ್ಕೆ ಅದು 1.73 ಮೀಟರು ಏರುತ್ತದೆ. ಆ ಎತ್ತರದ ತೆರೆದ ಬಾಯಿ ಗಾಳಿಗೆ ಎದುರಾದರೆ ಒಳನುಗ್ಗಿದ ಗಾಳಿ ಅಡಿಯಿಂದ ತಳ್ಳುತ್ತದೆ. 15 ಡಿಗ್ರಿಗೆ ಏರುವುದು 80 ಸೆಂ.ಮೀ. ನನ್ನ ಹೊಸ ಕೊಟ್ಟಿಗೆಗೆ ಅಷ್ಟನ್ನೇ ಇಟ್ಟು, ತಗ್ಗಿನ ಸೂರನ್ನು ಮಳೆಗಾಳಿ ಬರುವ ನೈಋತ್ಯಕ್ಕೆ ತಿರುಗಿಸಿದ್ದೇನೆ. ಸೆಳೆತ ಇದರಿಂದ ಇಲ್ಲವಾಗದು. ಅದನ್ನು ತಡೆಯಬೇಕಾದುದು ತಗಡಿನ ಅಲೆಯ ತಲೆಯಲ್ಲಿ ತೂತು ಕೊರೆದು ಬಿಗಿದ ಜೆ-ಬೋಲ್ಟುಗಳು ಮತ್ತು ನೆಲದಲ್ಲಿ ಹೂತ ಕಂಬಗಳು.

ತರಗತಿಯಲ್ಲಿ ಇದನ್ನು ತೋರಿಸಲು ಒಂದಡಿ ಉದ್ದದ ಎರಡು ಅಲೆತಗಡಿನ ತುಂಡು, ಒಂದು ಟೇಬಲ್ ಫ್ಯಾನು, ಹೂಗಿಡಕ್ಕೆ ನೀರು ಹಾಕುವ ಕ್ಯಾನು ಮತ್ತು ಕೋನಮಾಪಕ ಸಾಕು. ಫ್ಯಾನನ್ನು ದೂರವಿಟ್ಟು, ನೀರು ಅದರ ಮೇಲೆ ಸಿಡಿಯದಂತೆ ನೋಡಿಕೊಳ್ಳಿ. ಅದರ ಗಾಳಿ ಬಿರುಗಾಳಿಯಲ್ಲ, ಆದ್ದರಿಂದ ಹೊಂದಿಕೆ 2 ಸೆಂ.ಮೀ. ಮಾತ್ರ ಇರಲಿ. ಕೋನವನ್ನು 2 ಡಿಗ್ರಿಯಿಂದ ಏರಿಸುತ್ತ, ಅಡಿಯಲ್ಲಿಟ್ಟ ಹಳೆಯ ಪತ್ರಿಕೆ ಒದ್ದೆಯಾಗುವುದು ಯಾವಾಗ ನಿಲ್ಲುತ್ತದೆಂದು ಬರೆದಿಟ್ಟುಕೊಳ್ಳಿ.