ಮೊದಲ ಓದುಗನ ಹೆಸರು ಬರೆದಿಡಿ

ಹಳೆಯ ಕನ್ನಡ ಪತ್ರಿಕೆಗಳ ಮೊದಲ ಸಂಚಿಕೆಗಳನ್ನು ಹುಡುಕಿ ಓದುವುದು ನನಗೆ ಬಹುಕಾಲದಿಂದ ಅಂಟಿಕೊಂಡ ಗೀಳು. ಸಂಪಾದಕನನ್ನು ಇನ್ನೂ ಯಾರೂ ಓದದಿದ್ದ ಹೊತ್ತಿನಲ್ಲಿ ಅವನು ಆಡಿದ ಮಾತುಗಳು ಅಲ್ಲಿರುತ್ತವೆ. ಪತ್ರಿಕೆಯ ಹೆಸರು ಯಾರ ಬಾಯಿಗೂ ಬಂದಿಲ್ಲ, ಚಂದಾ ಪುಸ್ತಕ ಖಾಲಿ, ಮುಂದಿನ ಸಂಚಿಕೆಯ ಕಾಗದದ ದುಡ್ಡು ಎಲ್ಲಿಂದ ಬರುತ್ತದೋ ತಿಳಿಯದು. ಅಂಥ ಹೊತ್ತಿನಲ್ಲಿ ಅವನು ಏನು ಹೇಳಿದ, ಯಾರಿಗೆ ಹೇಳಿದ ಎಂಬುದರಲ್ಲೇ ಆ ಪತ್ರಿಕೆಯ ಆಯುಷ್ಯ ಬಹುಮಟ್ಟಿಗೆ ಗೊತ್ತಾಗಿಬಿಡುತ್ತದೆ.

ಈ ವಾರದ ಮಾತು, ಕೈಯಲ್ಲಿ ಒಂದು ಮೊಬೈಲು ಹಿಡಿದುಕೊಂಡು ತಮ್ಮದೇ ಬರಹವನ್ನು ನಾಲ್ಕು ಜನಕ್ಕೆ ಮುಟ್ಟಿಸಬೇಕೆಂದಿರುವ ಹೊಸಬರಿಗೆ. ಅದರಲ್ಲೂ ಆಂಧ್ರ ಗಡಿಯಾಚೆಯ ಬೆಳುಗುಪ್ಪ, ಕಲ್ಯಾಣದುರ್ಗ, ರಾಯದುರ್ಗ, ಮಡಕಶಿರಾ, ಹಿಂದೂಪುರದ ಕಡೆ ಮನೆಯಲ್ಲಿ ಕನ್ನಡವಾಡಿ ಶಾಲೆಯಲ್ಲಿ ತೆಲುಗು ಓದಿ ಬೆಳೆದ ಹುಡುಗ ಹುಡುಗಿಯರಿಗೆ. ‘ಬರೆಯುವುದೇನೋ ಬರೆಯುತ್ತೇವೆ, ಓದುವವರನ್ನು ಎಲ್ಲಿಂದ ತರುವುದು?’ ಎಂಬ ಪ್ರಶ್ನೆ ಇವರನ್ನು ಕಾಡುತ್ತದೆ. ಅದಕ್ಕೆ ಉತ್ತರವನ್ನು ನಮ್ಮ ಹಿರಿಯರು ನಡೆದೇ ತೋರಿಸಿದ್ದಾರೆ.

ಕನ್ನಡದ ಮೊದಲ ಪತ್ರಿಕೆಯಿಂದಲೇ ಶುರುಮಾಡೋಣ. 1843ರ ಜುಲೈ 1ರಂದು ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್ ‘ಮಂಗಳೂರು ಸಮಾಚಾರ’ ಹೊರಡಿಸಿದರು. ಕರ್ನಾಟಕದಲ್ಲಿ ಜುಲೈ 1ನ್ನು ಪತ್ರಿಕಾ ದಿನವೆಂದು ಆಚರಿಸುವುದು ಇದೇ ಕಾರಣಕ್ಕೆ. ನಾಲ್ಕು ಪುಟ, ಹದಿನೈದು ದಿನಕ್ಕೊಮ್ಮೆ, ಬೆಲೆ ಒಂದು ದುಡ್ಡು. ಕನ್ನಡದಲ್ಲಿ ಪತ್ರಿಕೆಯೆಂಬ ವಸ್ತುವನ್ನು ಅದುವರೆಗೆ ಯಾರೂ ಕಂಡಿರಲಿಲ್ಲ. ಆದ್ದರಿಂದ ಪತ್ರಿಕೆ ಎಂದರೆ ಏನು, ಅದು ಯಾತಕ್ಕೆ ಬೇಕು, ಯಾವಾಗ ಬರುತ್ತದೆ, ಎಷ್ಟು ಕೊಡಬೇಕು ಎಂಬುದನ್ನೆಲ್ಲ ಮೊಗ್ಲಿಂಗ್ ಮೊದಲಿಗೇ ಬಿಡಿಸಿ ಹೇಳಬೇಕಾಯಿತು. ಹೊರಗಿನ ಲೋಕದ ವರ್ತಮಾನ ತಿಳಿಯದೆ ಇದ್ದ ಊರ ಜನರಿಗಾಗಿ ಈ ಕಾಗದ ಎಂಬುದು ಅವರ ನಿಲುವು. ಒಳಗೆ ಊರ ಸುದ್ದಿ, ಸರ್ಕಾರದ ಆಜ್ಞೆಗಳು, ಪರದೇಶದ ವಿಷಯ, ಕಥೆ, ಹಾಡು ಎಲ್ಲವೂ ಇದ್ದವು. ಅವರು ಬಂದದ್ದು ಮತಪ್ರಚಾರಕ್ಕೆ, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಓದುಗನಿಗೆ ಏನು ಬೇಕು ಎಂಬುದನ್ನು ಅವರು ಮೊದಲು ಕೇಳಿಕೊಂಡರು. ತಾನು ಏನು ಮಾರಬೇಕು ಎಂಬ ಯೋಚನೆ ಅದರ ಹಿಂದೆ ಬಂತು. ಹೊಸಬರು ಕಲಿಯಬೇಕಾದ ಮೊದಲ ಪಾಠ ಈ ಕ್ರಮ.

ಎರಡನೆಯ ಪಾಠ ಬಳ್ಳಾರಿಯದು. ಮಂಗಳೂರಿನಲ್ಲಿ ಆಗ ಇದ್ದದ್ದು ಕಲ್ಲಚ್ಚು. ಅಕ್ಷರಗಳನ್ನು ಕೈಯಲ್ಲಿ ಬರೆದು, ಕಲ್ಲಿಗೆ ಇಳಿಸಿ, ಅದರಿಂದ ಮುದ್ರಿಸಬೇಕು. ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನವರ ಹತ್ತಿರ ಮೊಳೆ ಅಚ್ಚುಕೂಟವಿತ್ತು. ಆ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲೇ ಬಳ್ಳಾರಿಗೆ ಬಂದು ಕನ್ನಡದ ಕೆಲಸಕ್ಕೆ ಕೂತವರು. ಮೊಳೆ ಜೋಡಿಸಿದರೆ ಅಷ್ಟೇ ಜಾಗದಲ್ಲಿ ಹೆಚ್ಚು ವಿಷಯ ಹಿಡಿಸುತ್ತದೆ, ಅಕ್ಷರವೂ ಸ್ಫುಟವಾಗಿರುತ್ತದೆ. ಹೀಗಾಗಿ ವರ್ಷ ತುಂಬುವ ಮೊದಲೇ, 1844ರಲ್ಲಿ, ಮೊಗ್ಲಿಂಗ್ ಪತ್ರಿಕೆಯನ್ನು ಬಳ್ಳಾರಿಗೆ ಸಾಗಿಸಿದರು. ಹೆಸರನ್ನೂ ‘ಕಂನಡ ಸಮಾಚಾರ’ ಎಂದು ಬದಲಾಯಿಸಿದರು. ಒಂದು ಊರಿನ ಹೆಸರಿನಲ್ಲಿ ಹುಟ್ಟಿದ ಪತ್ರಿಕೆ ಕನ್ನಡ ಬಲ್ಲ ಎಲ್ಲರ ಪತ್ರಿಕೆಯಾಗಲು ಹೊರಟಿತು.

ಬೆಳುಗುಪ್ಪದವರು ಇಲ್ಲಿ ಒಂದು ಸಂಗತಿ ಗಮನಿಸಬೇಕು. ಅನಂತಪುರ ಜಿಲ್ಲೆ ಬಳ್ಳಾರಿಯಿಂದ ಬೇರ್ಪಟ್ಟದ್ದು 1882ರಲ್ಲಿ. ಕನ್ನಡದ ಮೊದಲ ಪತ್ರಿಕೆ ಮೊಳೆಯಚ್ಚಿಗೆ ಬಂದ ಕಾಲಕ್ಕೆ ಬೆಳುಗುಪ್ಪದ ಸೀಮೆಗೆಲ್ಲ ಬಳ್ಳಾರಿಯೇ ಜಿಲ್ಲಾ ಕೇಂದ್ರ. ಮುಂದೆ 1953ರಲ್ಲಿ ಆಂಧ್ರ ರಾಜ್ಯವಾದಾಗ ರಾಯದುರ್ಗ, ಆಲೂರು, ಆದೋನಿ ತಾಲೂಕುಗಳೂ ಆ ಕಡೆಗೆ ಹೋದವು. ಗೆರೆ ಎಳೆದವರು ಆಡಳಿತ ನೋಡಿಕೊಂಡರು, ಮಾತು ಮಾತ್ರ ಮನೆಗಳಲ್ಲಿ ಉಳಿಯಿತು. ಆದ್ದರಿಂದ ಈ ಸೀಮೆಯ ಹುಡುಗನೊಬ್ಬ ಕನ್ನಡದಲ್ಲಿ ಬರೆಯಲು ಕೂತರೆ ಹೊರಗಿನ ಮನೆಯ ಬಾಗಿಲು ತಟ್ಟಿದಂತಲ್ಲ. ಅದು ಅವನದೇ ಮನೆ.

ಓದುಗ ಯಾರೆಂದು ತಿಳಿದ ಮೇಲೆ ಅವನ ಹತ್ತಿರ ಹೋಗಬೇಕು. ಇದರಲ್ಲಿ ನನಗೆ ದೊಡ್ಡ ಗುರು ಗಳಗನಾಥರು. ವೆಂಕಟೇಶ ತಿರಕೋ ಕುಲಕರ್ಣಿ ಎಂಬುದು ಅವರ ಹೆಸರು, ಹಾವೇರಿ ಸೀಮೆಯ ಗಳಗನಾಥ ಅವರ ಊರು, ಕಾಲ 1869ರಿಂದ 1942. ಶಾಲಾ ಮಾಸ್ತರರಾಗಿದ್ದವರು ಅಗಡಿಯಿಂದ ‘ಸದ್ಬೋಧ ಚಂದ್ರಿಕೆ’ ಎಂಬ ಮಾಸಪತ್ರಿಕೆ ನಡೆಸಿ, ಅದಕ್ಕೆ ಸಾವಿರಾರು ಚಂದಾದಾರರನ್ನು ಗಳಿಸಿದರು. ಮರಾಠಿಯೇ ದೊಡ್ಡ ಭಾಷೆಯೆಂದು ನಂಬಿದ್ದ ಅಂದಿನ ಮುಂಬಯಿ ಕರ್ನಾಟಕದಲ್ಲಿ ಇದು ಸಣ್ಣ ಮಾತಲ್ಲ. ತಮ್ಮ ಕಾದಂಬರಿಗಳ ಗಂಟನ್ನು ತಲೆಯ ಮೇಲೆ ಹೊತ್ತು ಅವರು ಊರೂರು ತಿರುಗಿ ಮಾರಿದರು. ಹೀಗೆ ಓದುಗನ ಮುಖ ನೋಡಿ ಪುಸ್ತಕ ಕೊಟ್ಟವನಿಗೆ ಯಾವ ಕಥೆ ಅವನನ್ನು ಹಿಡಿಯಿತು, ಎಲ್ಲಿ ಆಕಳಿಕೆ ಬಂತು ಎಂಬುದು ಗೊತ್ತಿರುತ್ತದೆ. ಗಳಗನಾಥರ ಕಥನದಲ್ಲಿ ಓದುಗನನ್ನು ಕರೆದು ಕೂರಿಸಿಕೊಂಡು ಮಾತಾಡುವ ಗುಣವಿದೆ. ಅದು ಆ ತಿರುಗಾಟದ ಫಲವೆಂದೇ ನಾನು ನಂಬಿದ್ದೇನೆ. ಅವರ ಕೊನೆಗಾಲ ಬಡತನದಲ್ಲಿ ಕಳೆಯಿತು. ಅವರು ಹುಟ್ಟಿಸಿದ ಓದುವ ಅಭ್ಯಾಸದ ಮೇಲೆ ಮುಂದಿನವರು ಮನೆ ಕಟ್ಟಿದರು.

ಹಾಗೆ ಕಟ್ಟಿದವರಲ್ಲಿ ಧಾರವಾಡದ ಜಿ.ಬಿ. ಜೋಶಿಯವರೂ ಒಬ್ಬರು. 1933ರಲ್ಲಿ ಆರಂಭವಾದ ಮನೋಹರ ಗ್ರಂಥಮಾಲೆ ನಿಂತದ್ದು ವರ್ಷದ ಚಂದಾ ಕಟ್ಟಿ ಪುಸ್ತಕಕ್ಕೆ ಕಾಯುವ ಓದುಗರ ಬಲದ ಮೇಲೆ. ಮೊದಲು ಓದುಗರ ಬಳಗ, ಆಮೇಲೆ ಪುಸ್ತಕ. ಅದೇ ಧಾರವಾಡದಲ್ಲಿ 1964ರಲ್ಲಿ ಚಂದ್ರಶೇಖರ ಪಾಟೀಲ, ಸಿದ್ಧಲಿಂಗ ಪಟ್ಟಣಶೆಟ್ಟಿ, ಗಿರಡ್ಡಿ ಗೋವಿಂದರಾಜ ಈ ಮೂವರು ಗೆಳೆಯರು ‘ಸಂಕ್ರಮಣ’ ಶುರುಮಾಡಿದರು. ಸಾಹಿತ್ಯದ ಸಣ್ಣ ಪತ್ರಿಕೆಯೊಂದು ದಶಕಗಟ್ಟಲೆ ಬದುಕಿದ್ದು ಚಂದಾದಾರರನ್ನು ಒಬ್ಬೊಬ್ಬರನ್ನಾಗಿ ಗಳಿಸಿ ಉಳಿಸಿಕೊಂಡದ್ದರಿಂದ. ಇನ್ನೂ ಹಿಂದಕ್ಕೆ ಹೋದರೆ ನಂಜನಗೂಡು ತಿರುಮಲಾಂಬ ಸಿಗುತ್ತಾರೆ. ಎಳವೆಯಲ್ಲೇ ವಿಧವೆಯಾದ ಈ ಹೆಣ್ಣುಮಗಳು 1913ರಲ್ಲಿ ‘ಸತೀ ಹಿತೈಷಿಣಿ’ ಗ್ರಂಥಮಾಲೆ ಆರಂಭಿಸಿದರು, ಮುಂದೆ ‘ಕರ್ನಾಟಕ ನಂದಿನಿ’ ಪತ್ರಿಕೆ ಹೊರಡಿಸಿದರು. ಅವರ ಓದುಗರು ಯಾರೆಂಬುದು ಮೊದಲ ದಿನದಿಂದಲೇ ಖಚಿತ: ಅಡುಗೆಮನೆಯ ಕೆಲಸದ ನಡುವೆ ಓದಲು ಬಿಡುವು ಮಾಡಿಕೊಳ್ಳುವ ಹೆಂಗಸರು. ಬೇರೆ ಯಾರನ್ನೂ ಮೆಚ್ಚಿಸಬೇಕಾದ ಹಂಗು ಅವರಿಗಿರಲಿಲ್ಲ.

ಈಗ ಬೆಳುಗುಪ್ಪಕ್ಕೆ ಬರೋಣ. ಕಲ್ಯಾಣದುರ್ಗಕ್ಕೂ ಉರವಕೊಂಡಕ್ಕೂ ನಡುವಿನ ಊರು. ವರ್ಷಕ್ಕೆ ಐದೂವರೆ ನೂರು ಮಿಲಿಮೀಟರು ಮಳೆಯಾದರೆ ಪುಣ್ಯ ಎನ್ನುವ ಶೇಂಗಾ ಸೀಮೆ. ಇದೇ ಮಂಡಲದ ಜೀಡಿಪಲ್ಲಿ ಜಲಾಶಯಕ್ಕೆ ಹಂದ್ರಿ–ನೀವಾ ಕಾಲುವೆಯಲ್ಲಿ ಕೃಷ್ಣೆಯ ನೀರು ಬರುತ್ತದೆ. ಇಲ್ಲಿ ಕೂತು ಬರೆಯಲು ವಿಷಯವಿಲ್ಲ ಎನ್ನುವವರ ಮಾತು ನಾನು ಒಪ್ಪುವುದಿಲ್ಲ. ಕಾಲುವೆಗೆ ನೀರು ಯಾವಾಗ ಬಿಡುತ್ತಾರೆ, ಈ ಸಲ ಯಾವ ಬೀಜ ಕೈ ಹಿಡಿಯಿತು, ಹಿಂದೂಪುರದ ಮಾರುಕಟ್ಟೆಯಲ್ಲಿ ಹುಣಸೆಹಣ್ಣಿಗೆ, ರೇಷ್ಮೆಗೂಡಿಗೆ ಏನು ದರ, ಹೇಮಾವತಿಯ ನೊಳಂಬರ ಗುಡಿಯ ಕಂಬಗಳಲ್ಲಿ ಏನಿದೆ, ಲೇಪಾಕ್ಷಿಯ ಗೋಡೆಯ ಮೇಲಿನ ಕನ್ನಡ ಶಾಸನಗಳು ಏನು ಹೇಳುತ್ತವೆ — ಇದನ್ನೆಲ್ಲ ಕನ್ನಡದಲ್ಲಿ, ಅಲ್ಲಿಯ ಜನರ ಮಾತಿನಲ್ಲಿ, ವಾರ ತಪ್ಪದೆ ಬರೆಯುವವರು ಬೇಕು. ಬೆಂಗಳೂರಿನಲ್ಲಿ ಕೂತವನು ಇದನ್ನು ಬರೆಯಲಾರ. ನಿಮ್ಮ ಬಂಡವಾಳ ಇದೇ.

ಇನ್ನು ಮಾಡಬೇಕಾದ್ದೇನು ಎಂಬುದನ್ನು ಒಂದೊಂದಾಗಿ ಹೇಳುತ್ತೇನೆ.

ಮೊದಲ ಬರಹಕ್ಕೆ ಕೈಹಾಕುವ ಮುನ್ನ ಹತ್ತು ಜನರ ಹೆಸರು ಕಾಗದದ ಮೇಲೆ ಬರೆಯಿರಿ. ‘ಕನ್ನಡಿಗರೆಲ್ಲರೂ’ ಎಂದು ಬರೆದರೆ ಅದು ಯಾರ ಹೆಸರೂ ಆಗುವುದಿಲ್ಲ. ಶೇಂಗಾ ಬೆಳೆಯುವ ಚಿಕ್ಕಪ್ಪ, ಗಡಿ ಊರಿನ ಕನ್ನಡ ಶಾಲೆಯ ಮೇಷ್ಟ್ರು, ಬೆಂಗಳೂರಿಗೆ ದುಡಿಯಲು ಹೋದ ಗೆಳೆಯ, ಮದುವೆಯಾಗಿ ಚಳ್ಳಕೆರೆಗೆ ಹೋದ ಅಕ್ಕ — ಹೀಗೆ ಮುಖ ಕಾಣುವ ಹತ್ತು ಜನ. ಬರಹವನ್ನು ಅವರಿಗೆ ಒಬ್ಬೊಬ್ಬರಿಗೇ ಕಳಿಸಿ. ಗುಂಪಿಗೆ ಎಸೆದು ಸುಮ್ಮನಾಗಬೇಡಿ. ‘ಹೇಗಿದೆ’ ಎಂದು ಕೇಳಿದರೆ ‘ಚೆನ್ನಾಗಿದೆ’ ಎನ್ನುತ್ತಾರೆ, ಅದರಿಂದ ಪ್ರಯೋಜನವಿಲ್ಲ. ‘ಎಲ್ಲಿಯವರೆಗೆ ಓದಿದೆ, ಎಲ್ಲಿ ಬಿಟ್ಟೆ’ ಎಂದು ಕೇಳಿ. ಆ ಉತ್ತರ ಕಹಿಯಾದರೂ ಮುಂದಿನ ಬರಹಕ್ಕೆ ಅದೇ ಔಷಧಿ.

ಒಂದು ವಾರ ಗೊತ್ತುಮಾಡಿಕೊಳ್ಳಿ. ಬುಧವಾರ ಬೆಳಿಗ್ಗೆ ಎಂದರೆ ಬುಧವಾರ ಬೆಳಿಗ್ಗೆ. ಮೊಗ್ಲಿಂಗರು ಹದಿನೈದು ದಿನಕ್ಕೊಮ್ಮೆ ಎಂದು ಮೊದಲೇ ಹೇಳಿದ್ದು ಸುಮ್ಮನೆ ಅಲ್ಲ. ಸಂತೆ ಯಾವ ವಾರ ಎಂದು ಗೊತ್ತಿದ್ದರೆ ತಾನೆ ಜನ ಚೀಲ ಹಿಡಿದು ಬರುವುದು? ಆದ್ದರಿಂದ ಪ್ರಕಟಿಸುವ ಮುಂಚೆಯೇ ನಾಲ್ಕು ಬರಹ ಬರೆದು ಇಟ್ಟುಕೊಳ್ಳಿ. ಜ್ವರ ಬಂದಾಗ, ಕಳೆ ತೆಗೆಯುವ ಕೆಲಸವಿದ್ದಾಗ, ಮನೆಯಲ್ಲಿ ಮದುವೆಯಿದ್ದಾಗ ಮಾತು ತಪ್ಪದಂತೆ ಅವು ಕಾಯುತ್ತವೆ.

ಬರಹವನ್ನು ಅಕ್ಷರವಾಗಿಯೇ ಕೊಡಿ, ಚಿತ್ರದೊಳಗೆ ಬರೆದು ಕೊಡಬೇಡಿ. ಕಲ್ಲಚ್ಚಿನಿಂದ ಮೊಳೆಗೆ ಹೋದ ಜಾಣ್ಮೆ ಇದರಲ್ಲೂ ಬೇಕು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ತಂತ್ರಾಂಶ ಬಂದು, ಮುಂದೆ ಯೂನಿಕೋಡ್ ಎಲ್ಲ ಫೋನುಗಳಿಗೂ ಹಬ್ಬಿದ ಮೇಲೆ ಕನ್ನಡದಲ್ಲಿ ಟೈಪಿಸಿದ್ದನ್ನು ಯಾರು ಬೇಕಾದರೂ ಹುಡುಕಿ ತೆಗೆಯಬಹುದು. ಹೂವಿನ ಚೌಕಟ್ಟಿನ ಚಿತ್ರದೊಳಗೆ ಸೇರಿದ ಮಾತು ಒಂದು ದಿನ ಓಡಾಡಿ ಕಳೆದುಹೋಗುತ್ತದೆ. ಶೀರ್ಷಿಕೆಯಲ್ಲಿ ಊರಿನ ಹೆಸರು, ಬೆಳೆಯ ಹೆಸರು, ತಿಂಗಳು ಇರಲಿ. ಜನ ಹುಡುಕುವುದು ಅವುಗಳಿಂದ. ‘ಇದನ್ನು ಓದಿದರೆ ಬೆಚ್ಚಿಬೀಳುತ್ತೀರಿ’ ಎಂಬಂಥ ಶೀರ್ಷಿಕೆಗೆ ಒಂದು ಸಲ ಜನ ಬರುತ್ತಾರೆ, ಮೋಸ ಹೋದೆವೆಂದು ತಿಳಿದ ಮೇಲೆ ತಿರುಗಿ ನೋಡುವುದಿಲ್ಲ.

ನಿಮ್ಮ ಕಡೆಯ ಇನ್ನೊಂದು ಕಷ್ಟ ನಿಮಗೇ ಗೊತ್ತು. ಕನ್ನಡ ಚೆನ್ನಾಗಿ ಆಡುವ ಎಷ್ಟೋ ಜನ ಕನ್ನಡ ಲಿಪಿ ಓದಲು ತಡವರಿಸುತ್ತಾರೆ, ಅವರು ಕಲಿತ ಅಕ್ಷರ ತೆಲುಗಿನದು. ಅವರನ್ನು ಬಿಟ್ಟುಬಿಡಬೇಡಿ. ಅದೇ ಬರಹವನ್ನು ನಿಮ್ಮ ದನಿಯಲ್ಲಿ ಐದು ನಿಮಿಷ ಓದಿ ಜೊತೆಯಲ್ಲಿ ಕಳಿಸಿ. ಕೇಳಿ ಹಿಡಿಸಿದವರು ಅಕ್ಷರಕ್ಕೂ ಬರುತ್ತಾರೆ. ಮನೆಯ ಮಾತು ಶಾಲೆಯಲ್ಲಿ ಸಿಗದ ಮಕ್ಕಳಿಗೆ ಇದು ಓದು ಕಲಿಯುವ ದಾರಿಯೂ ಆಗುತ್ತದೆ.

ದುಡ್ಡಿನ ಮಾತನ್ನೂ ಆಡಿಬಿಡೋಣ. ಲಂಕೇಶರು 1980ರಲ್ಲಿ ವಾರಪತ್ರಿಕೆ ಆರಂಭಿಸಿದಾಗ ಜಾಹೀರಾತೇ ಬೇಡವೆಂದರು. ಓದುಗ ಕೊಟ್ಟ ಕಾಸಿನಿಂದಲೇ ಪತ್ರಿಕೆ ನಡೆಯಿತು, ಆದ್ದರಿಂದ ಯಾರ ಮುಲಾಜೂ ಇಲ್ಲದೆ ಬರೆಯಲು ಸಾಧ್ಯವಾಯಿತು. ಎಲ್ಲರಿಗೂ ಆ ಹಟ ಸಾಧ್ಯವಾಗದಿರಬಹುದು. ಆದರೆ ಬೀಜ, ಗೊಬ್ಬರ, ಔಷಧಿ ಮಾರುವ ಅಂಗಡಿಯಿಂದ ಹಣ ತೆಗೆದುಕೊಂಡು ಅದೇ ಬೀಜದ ಬಗ್ಗೆ ರೈತನಿಗೆ ಸಲಹೆ ಬರೆಯುವುದು ಮಾತ್ರ ಬೇಡ. ಆ ಬೀಜ ಮೊಳೆಯದಿದ್ದರೆ ಹೋಗುವುದು ಒಬ್ಬ ರೈತನ ವರ್ಷ. ದುಡ್ಡು ಕೊಟ್ಟು ಹಿಂಬಾಲಕರ ಸಂಖ್ಯೆ ಹೆಚ್ಚಿಸಿಕೊಳ್ಳುವುದೂ ಬೇಡ. ಆ ಸಂಖ್ಯೆಯಲ್ಲಿ ಮನುಷ್ಯರಿರುವುದಿಲ್ಲ. ಮೊದಲ ವರ್ಷ ಲಾಭದ ಲೆಕ್ಕ ಬಿಟ್ಟು ನಂಬಿಕೆ ಗಳಿಸಿ. ನಂಬಿದ ಓದುಗ ಒಂದು ದಿನ ತಾನಾಗಿಯೇ ‘ಚಂದಾ ಎಷ್ಟು’ ಎಂದು ಕೇಳುತ್ತಾನೆ. ಆಗ ಸಂಕೋಚವಿಲ್ಲದೆ ಬೆಲೆ ಹೇಳಿ. ಕನ್ನಡದ ಮೊದಲ ಪತ್ರಿಕೆಯೂ ಬಿಟ್ಟಿ ಹಂಚಿದ್ದಲ್ಲ, ಒಂದು ದುಡ್ಡು ಕೇಳಿತ್ತು.

ಪ್ರಚಾರ ಎಂದರೆ ಕೂಗು ಎಂದು ಈಗ ಎಲ್ಲರೂ ಕಲಿಸುತ್ತಿದ್ದಾರೆ. ನಾನು ಓದಿದ ಮೊದಲ ಸಂಚಿಕೆಗಳು ಬೇರೆ ಮಾತು ಹೇಳುತ್ತವೆ. ಬಾಳಿದ ಪತ್ರಿಕೆಗಳೆಲ್ಲ ತಮ್ಮ ಓದುಗ ಯಾರೆಂದು ಅರಿತಿದ್ದವು, ಹೇಳಿದ ದಿನ ಅವನ ಕೈ ಸೇರಿದವು, ಅವನು ಹೇಳಿದ್ದನ್ನು ಕಿವಿಗೊಟ್ಟು ಕೇಳಿದವು. ಉಪಕರಣ ಕಲ್ಲಿನಿಂದ ಮೊಳೆಗೆ, ಮೊಳೆಯಿಂದ ಮೊಬೈಲಿಗೆ ಬದಲಾಗಿದೆ. ಈ ಮೂರು ಕೆಲಸಗಳು ಬದಲಾಗಿಲ್ಲ.

ಬೆಳುಗುಪ್ಪದ, ಕಲ್ಯಾಣದುರ್ಗದ, ಹಿಂದೂಪುರದ ಗೆಳೆಯರೇ, ಈ ಭಾನುವಾರ ಒಂದು ಹಾಳೆ ತೆಗೆದುಕೊಂಡು ಹತ್ತು ಹೆಸರು ಬರೆಯಿರಿ, ಪಕ್ಕದಲ್ಲಿ ಒಂದು ವಾರದ ಹೆಸರು ಬರೆಯಿರಿ. ಮೊದಲ ಬರಹ ಆ ಹತ್ತು ಜನಕ್ಕೆ ಆ ವಾರ ತಲುಪಲಿ. ಹನ್ನೊಂದನೆಯವನನ್ನು ಆ ಹತ್ತು ಜನರೇ ಕರೆತರುತ್ತಾರೆ.