ಫಲಿತಾಂಶದ ಅಂಕಿಗಳು: ಒಂದು ಆಕರವಿಮರ್ಶೆ

ಎಸ್.ಎಸ್.ಎಲ್.ಸಿ. ಫಲಿತಾಂಶವನ್ನು ಪ್ರಕಟಿಸುವ ಕ್ರಮವು ನಮ್ಮ ರಾಜ್ಯದಲ್ಲಿ ಬಹುಮಟ್ಟಿಗೆ ಬದಲಾಗಿದೆ. ಶಾಲೆಯ ಸೂಚನಾಫಲಕದ ಮುಂದೆ ಮಕ್ಕಳು ನೂಕುನುಗ್ಗಲಾಗಿ ನಿಲ್ಲುತ್ತಿದ್ದ ಕಾಲ ಹೋಗಿ, ಇಂದು ಅಂಕಗಳು ಜಾಲತಾಣದಲ್ಲಿ ದೊರೆಯುತ್ತವೆ. ಜಿಲ್ಲಾವಾರು ಕೋಷ್ಟಕಗಳು ಅದೇ ದಿನ ಜಯನಗರದ ಶಿಕ್ಷಕರ ಕೈಸೇರುತ್ತವೆ. ದತ್ತಾಂಶವನ್ನು ದೂರದ ಗಣಕಗಳಲ್ಲಿಟ್ಟು, ಕೇಳಿದೊಡನೆ ಲೆಕ್ಕಮಾಡಿ ತೋರಿಸುವ ‘ಕ್ಲೌಡ್’ ವಿಧಾನವನ್ನು ಪರೀಕ್ಷಾಕ್ಷೇತ್ರಕ್ಕೆ ಇನ್ನೂ ವಿಸ್ತಾರವಾಗಿ ತರಬೇಕೆಂಬ ಮಾತೂ ಕೇಳಿಬರುತ್ತಿದೆ. ವೇಗದ ವಿಷಯದಲ್ಲಿ ನಮಗೆ ತಕರಾರಿಲ್ಲ. ಆದರೆ ಹೀಗೆ ದೊರೆಯುವ ಅಂಕಿಯು ಆಕರವಾಗಿ ಎಷ್ಟರಮಟ್ಟಿಗೆ ನೆಚ್ಚತಕ್ಕದ್ದು ಎಂಬುದನ್ನು ಇತಿಹಾಸದ ವಿದ್ಯಾರ್ಥಿಯು ವಿಚಾರಿಸದೆ ಬಿಡುವಂತಿಲ್ಲ.

ಮೊದಲು ತೇರ್ಗಡೆಯ ಪ್ರಮಾಣವನ್ನೇ ನೋಡೋಣ. 2020ರಲ್ಲಿ ಶೇಕಡ 71.80, 2021ರಲ್ಲಿ ಬಹುತೇಕ ನೂರಕ್ಕೆ ನೂರು, 2022ರಲ್ಲಿ 85.63, 2023ರಲ್ಲಿ 83.89, 2024ರಲ್ಲಿ 73.40. ಪರದೆಯ ಮೇಲೆ ಇವುಗಳನ್ನು ಒಂದೇ ರೇಖೆಯಾಗಿ ಎಳೆದರೆ ವಿದ್ಯೆಯೇ ಏರಿ ಇಳಿದಂತೆ ತೋರುತ್ತದೆ. ವಾಸ್ತವದಲ್ಲಿ ಇವು ಒಂದೇ ಬಗೆಯ ಪರೀಕ್ಷೆಯ ಐದು ಫಲಿತಾಂಶಗಳಲ್ಲ. 2021ರಲ್ಲಿ ಕೋವಿಡ್ ನಿಮಿತ್ತ ಬಹು ಆಯ್ಕೆಯ ಪ್ರಶ್ನೆಗಳ ಎರಡೇ ದಿನದ ಪರೀಕ್ಷೆ ನಡೆಯಿತು. 2024ರಲ್ಲಿ ಪರೀಕ್ಷಾ ಕೊಠಡಿಗಳ ಮೇಲೆ ವೆಬ್‌ಕಾಸ್ಟಿಂಗ್ ಮೂಲಕ ಕಣ್ಣಿಡಲಾಯಿತು. ಅದರೊಡನೆ ಕೃಪಾಂಕವನ್ನು ಶೇಕಡ 10ರಿಂದ 20ಕ್ಕೆ ಏರಿಸಿ, ಕೃಪಾಂಕಕ್ಕೆ ಅರ್ಹರಾಗಲು ಬೇಕಾದ ಅಂಕವನ್ನು ಶೇಕಡ 35ರಿಂದ 25ಕ್ಕೆ ಇಳಿಸಲಾಯಿತು. ಒಂದು ಕ್ರಮ ಅಂಕಿಯನ್ನು ಕೆಳಕ್ಕೆಳೆಯಿತು, ಇನ್ನೊಂದು ಮೇಲಕ್ಕೆತ್ತಿತು. ಕೃಪಾಂಕವನ್ನು ಕಳೆದರೆ ಆ ವರ್ಷದ ಪ್ರಮಾಣವು 53-54ರ ಆಸುಪಾಸಿಗೆ ಬಂದು ನಿಲ್ಲುತ್ತದೆ. 2025ರಲ್ಲಿ ಆ ಕೃಪಾಂಕವೂ ಇರಲಿಲ್ಲ. ಅದೇ ವರ್ಷದ ಅಕ್ಟೋಬರಿನಲ್ಲಿ ತೇರ್ಗಡೆಗೆ ಬೇಕಾದ ಒಟ್ಟು ಅಂಕವನ್ನೇ ಶೇಕಡ 35ರಿಂದ 33ಕ್ಕೆ ಇಳಿಸುವ ನಿರ್ಧಾರ ಪ್ರಕಟವಾಯಿತು. ಹಿಂದಿನ ವರ್ಷದ ಅಂಕಿಯನ್ನು ಮುಂದೊಡ್ಡಿ ಮುಖ್ಯೋಪಾಧ್ಯಾಯರಿಂದ ವಿವರಣೆ ಕೇಳುವ ವಾಡಿಕೆ ನಮ್ಮಲ್ಲಿರುವುದರಿಂದ ಇದು ಬರಿಯ ಪಾಂಡಿತ್ಯದ ಪ್ರಶ್ನೆಯಲ್ಲ.

ಒಂದೇ ವರ್ಷದೊಳಗೂ ತೊಡಕುಂಟು. 2025ರ ಮೇ 2ರಂದು ಪ್ರಕಟವಾದ ಪರೀಕ್ಷೆ-1ರ ಫಲಿತಾಂಶವನ್ನು ಕೆಲವರು 66.14 ಎಂದರು, ಕೆಲವರು 62.34 ಎಂದರು. ಎರಡೂ ಸರಿಯೇ. ಮೊದಲನೆಯದರ ಛೇದ 7,90,890; ಮರುಪರೀಕ್ಷೆಯವರನ್ನೂ ಖಾಸಗಿಯವರನ್ನೂ ಸೇರಿಸಿದಾಗ ಛೇದ 8,42,173. ಛೇದವನ್ನು ಹೇಳದೆ ಪ್ರಮಾಣವನ್ನು ಮಾತ್ರ ಹೇಳುವುದು, ಅರಸನ ಹೆಸರಿಲ್ಲದೆ ಆಳ್ವಿಕೆಯ ವರ್ಷವನ್ನು ಮಾತ್ರ ಉಳಿಸಿಕೊಂಡ ಶಾಸನದಂತೆ.

ಸ್ಥಳದ ತೊಡಕು ಇನ್ನೂ ಸ್ವಾರಸ್ಯವಾದುದು. ರಾಜ್ಯದಲ್ಲಿ ಕಂದಾಯ ಜಿಲ್ಲೆಗಳು 31, ಶೈಕ್ಷಣಿಕ ಜಿಲ್ಲೆಗಳು 35. ಚಿಕ್ಕೋಡಿ, ಶಿರಸಿ, ಮಧುಗಿರಿಗಳು ಪ್ರತ್ಯೇಕವಾಗಿ ಎಣಿಕೆಗೊಳ್ಳುತ್ತವೆ; ಬೆಂಗಳೂರು ನಗರವು ಉತ್ತರ, ದಕ್ಷಿಣವೆಂದು ಇಬ್ಭಾಗವಾಗಿದೆ. ಆದುದರಿಂದ ಫಲಿತಾಂಶದ ಕೋಷ್ಟಕಗಳಲ್ಲಿ ‘ಬೆಂಗಳೂರು ದಕ್ಷಿಣ’ ಎಂಬುದು ಜಯನಗರ, ಬನಶಂಕರಿಗಳನ್ನು ಒಳಗೊಂಡ ಶೈಕ್ಷಣಿಕ ಜಿಲ್ಲೆಯಾಗಿತ್ತು. 2025ರ ಮೇ ತಿಂಗಳಲ್ಲಿ ರಾಮನಗರ ಜಿಲ್ಲೆಗೇ ಆ ಹೆಸರು ಬಂದಿತು. ಅದೇ ಸೆಪ್ಟೆಂಬರಿನಲ್ಲಿ ನಗರದ ಐದು ಹೊಸ ಪಾಲಿಕೆಗಳಲ್ಲೊಂದಕ್ಕೂ ಅದೇ ಹೆಸರಾಯಿತು. ಲೋಕಸಭಾ ಕ್ಷೇತ್ರಕ್ಕೆ ಅದು ಮೊದಲಿನಿಂದಲೂ ಇದ್ದೇ ಇದೆ. ಮನುಷ್ಯನಾದರೆ ಸಂದರ್ಭವನ್ನರಿತು ಓದಿಯಾನು. ಗಣಕಕ್ಕೆ ಹೆಸರೆಂದರೆ ಅಕ್ಷರಗಳ ಸಾಲು ಮಾತ್ರ. ಹೆಸರನ್ನೇ ಕೊಂಡಿಯಾಗಿಟ್ಟು ಎರಡು ವರ್ಷಗಳ ಕೋಷ್ಟಕಗಳನ್ನು ಜೋಡಿಸಿದರೆ ಕನಕಪುರದ ಮಕ್ಕಳ ಅಂಕಗಳು ಜೆ.ಪಿ. ನಗರದ ಲೆಕ್ಕಕ್ಕೆ ಬಿದ್ದಾವು.

ಈ ಬಗೆಯ ಕಷ್ಟ ನಮ್ಮ ಶಾಸ್ತ್ರಕ್ಕೆ ಹೊಸದಲ್ಲ. ರೈಸರು 1905ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕದ ಒಂಬತ್ತನೆಯ ಸಂಪುಟವು ಬೆಂಗಳೂರು ಜಿಲ್ಲೆಯ ಶಾಸನಗಳದು. ಚನ್ನಪಟ್ಟಣವೂ, ಇಂದಿನ ಕನಕಪುರವಾದ ಕಾನಕಾನಹಳ್ಳಿಯೂ ಅದರಲ್ಲಿವೆ. ಆ ಪ್ರದೇಶವು 1986ರಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆಗೂ 2007ರಲ್ಲಿ ರಾಮನಗರ ಜಿಲ್ಲೆಗೂ ಸೇರಿತು. ಈಗ ಹೆಸರೂ ಬದಲಾಗಿದೆ. ಹಾಗಿದ್ದರೂ ಸಂಪುಟ, ತಾಲ್ಲೂಕು, ಸಂಖ್ಯೆ ಇವಿಷ್ಟನ್ನು ಹೇಳಿದರೆ ಇಂದಿಗೂ ಆ ಕಲ್ಲನ್ನು ಗುರುತಿಸಬಹುದು. ಶಾಲೆಗಳಿಗೂ ಇಂತಹ ಗುರುತು ಇಲ್ಲದಿಲ್ಲ: 11 ಅಂಕಿಗಳ ಯು-ಡೈಸ್ ಸಂಖ್ಯೆ. ಸಾರ್ವಜನಿಕರಿಗೆ ಕೊಡುವ ಕೋಷ್ಟಕಗಳನ್ನು ಜಿಲ್ಲೆಯ ಹೆಸರಿನ ಮೇಲಲ್ಲದೆ ಈ ಸಂಖ್ಯೆಯ ಮೇಲೆ ಕಟ್ಟುವುದು ಯುಕ್ತ.

ಸಾಮಾನ್ಯ ಪೋಷಕರಿಗೆ ಬೇಕಾದದ್ದು ಒಂದು ಅಂಕಿ, ಟಿಪ್ಪಣಿಗಳ ರಾಶಿಯಲ್ಲ ಎಂಬ ಆಕ್ಷೇಪ ಬರಬಹುದು. ಅದು ನ್ಯಾಯವಾದುದೇ. ಪರದೆಯ ಮೇಲೆ ಒಂದೇ ಅಂಕಿಯಿರಲಿ. ಅದನ್ನು ಒತ್ತಿದರೆ ಛೇದ, ಕೃಪಾಂಕದ ನಿಯಮ, ಗಡಿ, ದಿನಾಂಕ ಇವು ತೆರೆದುಕೊಳ್ಳಲಿ. ಇಷ್ಟನ್ನು ಮಾಡಿಸುವ ಸಾಮರ್ಥ್ಯ ಹೊಸ ವ್ಯವಸ್ಥೆಗಿದೆ. ಮಾಡಿಸಬೇಕೆಂಬ ಇಚ್ಛೆ ಅದನ್ನು ನಡೆಸುವವರಲ್ಲಿ ಇರಬೇಕಾದುದು.

ಇನ್ನೊಂದು ಮಾತು. ಅಚ್ಚಾದ ಫಲಿತಾಂಶದ ಹಾಳೆಯನ್ನು ಯಾರೂ ತಿದ್ದಲಾರರು. ಕೇಳಿದಾಗಲೆಲ್ಲ ಹೊಸದಾಗಿ ಲೆಕ್ಕಹಾಕುವ ಗಣಕದಲ್ಲಿ, ಮರುಮೌಲ್ಯಮಾಪನದ ತಿದ್ದುಪಡಿ ಸೇರಿದೊಡನೆ ಹಿಂದಿನ ಅಂಕಿ ಸದ್ದಿಲ್ಲದೆ ಮಾಯವಾಗಬಹುದು. ಪತ್ರಿಕೆಯಲ್ಲಿ ಓದಿದ್ದು ಒಂದು, ವರ್ಷದ ಮೇಲೆ ಪರದೆಯಲ್ಲಿ ಕಂಡದ್ದು ಇನ್ನೊಂದು ಆದಾಗ ಸಂಶೋಧಕನು ಯಾವುದನ್ನು ಉಲ್ಲೇಖಿಸಬೇಕು? ಮೊದಲ ದಿನದ ಕೋಷ್ಟಕವನ್ನು ದಿನಾಂಕಸಹಿತ ಬೇರೆಯಾಗಿ ಉಳಿಸತಕ್ಕದ್ದು. ಕಾಗದದ ದಫ್ತರಕ್ಕೆ ಬೇಕಾಗುತ್ತಿದ್ದ ಕೋಣೆಯೂ ಕಪಾಟೂ ಇದಕ್ಕೆ ಬೇಕಿಲ್ಲ.